ಪಂಕ್ತಿಯಿಂದ ಏಳುವುದು

ನೆಲ ಮನುಷ್ಯನಿಂದ ಎಷ್ಟು ದೂರದಲ್ಲಿದೆ ಎಂದು ಕೇಳಿದರೆ ನೀವು ನಗಬಹುದು. ಅದು ಸದಾ ಕಾಲ ಕೆಳಗೇ ಇರುವುದರಿಂದ ಯಾರೂ ಅಳೆಯಲು ಹೋಗುವುದಿಲ್ಲ. ನಾನೂ ಹೋಗಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಯಳಂದೂರಿನ ಒಂದು ಮನೆಯ ಪಡಸಾಲೆಯಲ್ಲಿ ಊಟದ ಎಲೆಯ ಮುಂದೆ ಕೂತು ಏಳಲಾರದೆ ಹೋದ ದಿನ ಅದರ ಅಳತೆ ಸಿಕ್ಕಿತು. ಕೆಳಗೆ ಹೋಗುವಾಗ ಅದು ಒಂದೂವರೆ ಮೊಳ. ಮೇಲೆ ಬರುವಾಗ ಬಿಳಿಗಿರಿ ಬೆಟ್ಟ.

ಇದನ್ನು ಇಷ್ಟು ಹಗುರವಾಗಿ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಈಗಲೂ ನಡೆದದ್ದನ್ನು ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಹೇಳಬೇಕೆಂದಿದ್ದೇನೆ. ಏಕೆಂದರೆ ಆವತ್ತು ನನ್ನ ಮಂಡಿಯ ದೆಸೆಯಿಂದ ನಿಜವಾಗಿ ನೊಂದದ್ದು ನಾನಲ್ಲ.

ಮೊದಲು ಕುರ್ಚಿಯ ವಿಷಯ. ನಾನು ಕೊಳ್ಳೇಗಾಲದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಪತ್ರಗಳ ನಕಲು ಬರೆಯುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಚಾಪೆಯ ಮೇಲೆ ಕೂತು, ಇಳಿಜಾರು ಹಲಗೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೆವು. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಕೊಯಮತ್ತೂರಿನಿಂದ ಕುರ್ಚಿಗಳು ಬಂದವು. ನಮ್ಮ ತಾಲ್ಲೂಕು ಮದ್ರಾಸಿಗೆ ಸೇರಿದ್ದರಿಂದ ಕಾಗದ, ಶಾಯಿ, ಬೈಗುಳ ಎಲ್ಲವೂ ಆ ದಿಕ್ಕಿನಿಂದಲೇ ಬರುತ್ತಿದ್ದವು. ಆ ದಿನ ಕುರ್ಚಿ ಏರಿದವನು ಇಪ್ಪತ್ತಾರು ವರ್ಷ ಇಳಿಯಲಿಲ್ಲ ಎಂದರೆ ತೀರ ಸುಳ್ಳಾಗುವುದಿಲ್ಲ. ಮನೆಗೂ ಒಂದು ಕುರ್ಚಿ ಮಾಡಿಸಿದೆ. ಊಟಕ್ಕೆ ಅದರ ಮುಂದೆ ಒಂದು ಸಣ್ಣ ಮೇಜು. ಬಡಿಸುವಾಗ ನೀನು ಬಗ್ಗಬೇಕಾಗಿಲ್ಲವಲ್ಲ ಎಂದು ಹೆಂಡತಿ ಗೌರಮ್ಮನಿಗೆ ಕಾರಣ ಕೊಟ್ಟೆ. "ಬಗ್ಗೋಳು ನಾನು. ನೋವು ನಿಮಗ್ಯಾಕೆ ಬಂತು?" ಎಂದು ಅವಳು ಕೇಳಿದಳು. ಆಮೇಲೆ ಬಚ್ಚಲಿಗೆ ಎತ್ತರದ ಮಣೆ ಬಂತು, ಪೂಜೆಗೆ ಅದಕ್ಕಿಂತ ಎತ್ತರದ್ದು ಬಂತು. ಹೀಗೆ ಒಂದೊಂದೇ ಹೊತ್ತಿನಲ್ಲಿ ನೆಲವು ನನ್ನಿಂದ ದೂರ ಸರಿಯಿತು. ನಾನು ಅದನ್ನು ಏಳಿಗೆ ಎಂದುಕೊಂಡಿದ್ದೆ.

ಕಚೇರಿಯಲ್ಲಿ ಕೆಲಸವಿಲ್ಲದ ಒಂದು ಮಧ್ಯಾಹ್ನ, ನಮ್ಮ ಜನ ಎಷ್ಟು ಬಗೆಯಲ್ಲಿ ಕೂರುತ್ತಾರೆ ಎಂದು ಪಟ್ಟಿ ಬರೆದು ನೋಡಿದ್ದೇನೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಮಂಡಿಯೂರಿ ಕೂರುವುದು, ಕಾಲು ನೀಡಿ ಕೂರುವುದು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಿಸಿ ಕೂರುವುದು. ನಮ್ಮ ಪೇಟೆಯಲ್ಲಿ ಒಂದು ಸುತ್ತು ಬಂದರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ರೇಷ್ಮೆ ಗೂಡು ಕೊಳ್ಳುವವನು ಕುಕ್ಕರುಗಾಲಿನಲ್ಲಿ ಕೂತು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ನೂಲು ತೆಗೆಯುವ ಹೆಂಗಸು ಬಿಸಿನೀರಿನ ಮುಂದೆ ಒಂದು ಮಂಡಿ ಎತ್ತಿ, ಅದರ ಮೇಲೆ ಮೊಣಕೈ ಊರಿ ಕೂರುತ್ತಾಳೆ. ಮಗ್ಗದವನು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ. ದಿನಕ್ಕೆ ಹತ್ತು ಸಲ ಆ ಗುಂಡಿಯಿಂದ ಎದ್ದು ಬೀಡಿ ಸೇದಿ ಮತ್ತೆ ಇಳಿಯುತ್ತಾನೆ. ಕುರ್ಚಿಯಲ್ಲಿ ಕೂರುವುದಕ್ಕೆ ಮಾತ್ರ ಒಂದೇ ಬಗೆ. ಅದಕ್ಕೆ ಬೇರೆ ಹೆಸರೂ ಇಲ್ಲ.

ಇನ್ನು ಯಳಂದೂರಿನ ವಿಷಯ. ನನ್ನ ಅಣ್ಣ ತೀರಿಕೊಂಡ ಮೇಲೆ ಅವನ ಮಗ ಮಹದೇವ ನಮ್ಮ ಮನೆಯಲ್ಲೇ ಬೆಳೆದ. ಅವನಿಗೆ ಯಳಂದೂರಿನ ನಂಜಯ್ಯನವರ ಮಗಳು ಗಿರಿಜೆಯನ್ನು ನೋಡಿದೆವು. ಎರಡೂ ಕಡೆ ಒಪ್ಪಿಗೆಯಾಯಿತು. ಯಳಂದೂರು ನಮಗೆ ಅರ್ಧ ದಿನದ ಗಾಡಿ ಪ್ರಯಾಣ, ಆದರೆ ಅದು ಮೈಸೂರು ಸೀಮೆ. ಅವರು ನಮ್ಮನ್ನು ಮದ್ರಾಸಿನವರೆಂದೂ ನಾವು ಅವರನ್ನು ಮೈಸೂರಿನವರೆಂದೂ ಕರೆಯುತ್ತ, ಒಬ್ಬರಿಗೊಬ್ಬರು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಮರ್ಯಾದೆ ಕೊಟ್ಟುಕೊಳ್ಳುತ್ತಿದ್ದೆವು. ಹೆಚ್ಚಿನ ಮರ್ಯಾದೆಯಲ್ಲೂ ಅಪಾಯವಿದೆ ಎಂದು ಆಗ ಗೊತ್ತಿರಲಿಲ್ಲ.

ಪಂಕ್ತಿಯ ನಿಯಮ ನಿಮಗೆ ಗೊತ್ತೇ ಇದೆ. ಸಾಲಿನ ತಲೆಯಲ್ಲಿ ಕೂತ ಹಿರಿಯ ಎದ್ದ ಮೇಲೆಯೇ ಉಳಿದವರು ಏಳಬೇಕು. ವೀಳ್ಯ ಬದಲಾಯಿಸಿಕೊಂಡು ಸಂಬಂಧ ಗಟ್ಟಿಮಾಡುವ ದಿನ ಇದಕ್ಕೆ ಇನ್ನೊಂದು ಅರ್ಥ ಕೂಡಿಕೊಳ್ಳುತ್ತದೆ. ಊಟ ಮುಗಿದರೂ ಗಂಡಿನ ಕಡೆಯ ಹಿರಿಯ ಎಲೆ ಬಿಟ್ಟು ಏಳದಿದ್ದರೆ ಅವನ ಮನಸ್ಸಿನಲ್ಲಿ ಮುನಿಸಿದೆ ಎಂದು ತಿಳಿಯಬೇಕು. ಏನೆಂದು ಅವನು ಹೇಳುವುದಿಲ್ಲ. ಹೆಣ್ಣಿನ ಕಡೆಯವರೇ ಕಂಡುಹಿಡಿದು ಸಮಾಧಾನ ಮಾಡಬೇಕು. ಅದಾಗದಿದ್ದರೆ ವೀಳ್ಯ ಇಲ್ಲ. ಬಾಯಿ ತೆರೆಯದೆ ಜಗಳವಾಡಲು ಹಿಂದಿನವರು ಮಾಡಿಟ್ಟ ಏರ್ಪಾಟು ಇದು. ಅಣ್ಣ ಇಲ್ಲದ್ದರಿಂದ ಗಂಡಿನ ಕಡೆಯ ಹಿರಿಯ ನಾನೇ. ಸಾಲಿನ ತಲೆಯಲ್ಲಿ ನನ್ನನ್ನು ಕೂರಿಸಿದರು. ನಾನು ಗೋಡೆ ಹಿಡಿದುಕೊಂಡು ಕೆಳಗಿಳಿದೆ. ಇಳಿಯುವುದಕ್ಕೆ ಕಷ್ಟವೇನೂ ಆಗಲಿಲ್ಲ. ಇಳಿಯುವುದು ಯಾರಿಗೂ ಕಷ್ಟವಲ್ಲ.

ಸಾಲಿನಲ್ಲಿ ಇಪ್ಪತ್ತಮೂರು ಎಲೆಗಳಿದ್ದವು. ಪಾಯಸ ಬರುವ ಹೊತ್ತಿಗೆ ಎಡಗಾಲು ಇದೆಯೋ ಇಲ್ಲವೋ ತಿಳಿಯದಾಯಿತು. ಬಲಗಾಲು ಇರುವುದು ಚೆನ್ನಾಗಿಯೇ ತಿಳಿಯುತ್ತಿತ್ತು. ಮಜ್ಜಿಗೆ ಅನ್ನ ಮುಗಿಯಿತು. ಇಪ್ಪತ್ತೆರಡು ಜನ ನನ್ನ ಕಡೆ ನೋಡಿದರು. ಎಡಗೈ ಊರಿ ಏಳಲು ಪ್ರಯತ್ನಿಸಿದೆ. ಮೈ ನಾಲ್ಕು ಬೆರಳು ಮೇಲೆದ್ದು ಮತ್ತೆ ಕೂತಿತು. ಯಾರೂ ಗಮನಿಸಿರಲಾರರು ಎಂದುಕೊಂಡು, ಬಡಿಸುತ್ತಿದ್ದವನನ್ನು ಕರೆದು ಇನ್ನೊಂದು ಸಲ ಮಜ್ಜಿಗೆ ಹಾಕಲು ಹೇಳಿದೆ. ನನಗೆ ಹಾಕಿದ ಮೇಲೆ ಸಾಲಿನ ಕೊನೆಯವರೆಗೂ ಹಾಕಲೇಬೇಕು. ಹೀಗೆ ಮೂರು ಸಲ ಮಜ್ಜಿಗೆ ಆ ಸಾಲಿನಲ್ಲಿ ಹೋಗಿಬಂತು. ಪಕ್ಕದಲ್ಲಿದ್ದ ಮಹದೇವ ಮೆಲ್ಲಗೆ, "ಚಿಕ್ಕಪ್ಪಾ, ಸಾಕು. ನನ್ ಕೈಲಾಗಲ್ಲ" ಎಂದ.

ಆಗ ನಾನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಹೆಣ್ಣಿನ ಮನೆಯವರ ಮುಂದೆ ಮುದುಕ ಅನ್ನಿಸಿಕೊಳ್ಳಲು ನಾಚಿಕೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ.

ನಂಜಯ್ಯನವರು ಬಂದು ನನ್ನ ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ನನಗಿಂತ ಎಂಟು ವರ್ಷ ಹಿರಿಯರು. ಹಕ್ಕಿ ಇಳಿದ ಹಾಗೆ ಕೂತರು.

"ಬೀಗ್ರೇ, ಏನಾರ ಕಮ್ಮಿ ಆಯ್ತಾ?"

"ಏನೂ ಇಲ್ಲ," ಎಂದೆ.

ಇಂಥ ಹೊತ್ತಿನಲ್ಲಿ ಏನೂ ಇಲ್ಲ ಎಂದರೆ ಬಹಳ ದೊಡ್ಡದು ಏನೋ ಇದೆ ಎಂದು ಅರ್ಥ. ಅವರ ಮುಖ ಇಳಿಯಿತು. ಪಾಯಸ ತಳ ಹಿಡಿದಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಎಲೆ ಹಾಕಿದ ದಿಕ್ಕು ತಪ್ಪಾಯಿತೇ ಎಂದರು. ಅದೂ ಇಲ್ಲ ಎಂದೆ. ಅವರ ತಮ್ಮ ಹಿಂದಿನಿಂದ, "ಮದ್ರಾಸ್ ಕಡೆಯೋರು ಕಣಣ್ಣಾ. ಅಷ್ಟ್ ಸಲೀಸಾಗಿ ಬಾಯ್ ಬಿಡಲ್ಲ. ನೀನೇ ಅರ್ಥ ಮಾಡ್ಕಬೇಕು" ಎಂದರು. ನಂಜಯ್ಯನವರು ನನ್ನ ಎಲೆಯ ಹತ್ತಿರಕ್ಕೆ ಇನ್ನಷ್ಟು ಸರಿದರು. ಆಮೇಲೆ ಹೇಳಿದ ಮಾತನ್ನು ನಾನು ಇದ್ದ ಹಾಗೆಯೇ ಬರೆಯುತ್ತೇನೆ.

"ಅನೂರಿನ ಸಂಬಂದದ್ ಮಾತು ನಿಮ್ ಕಿವಿಗ್ ಬಿದ್ದದೆ, ಅಲ್ವ್ರಾ? ವೀಳ್ಯ ಆಗಿ ಎಲ್ಡ್ ತಿಂಗ್ಳಾದ್ ಮ್ಯಾಲೆ ಅವ್ರು ಬ್ಯಾಡ ಅಂದ್ರು. ನಮ್ ಉಡ್ಗಿ ತಪ್ಪು ಒಂದು ಸಾಸ್ವೆ ಕಾಳಷ್ಟಿಲ್ಲ ಕಣ್ರಿ. ನಿಮ್ಗೆ ಮೊದ್ಲೇ ತಿಳಿಸ್ನಿಲ್ಲ, ಅದು ನನ್ ತಪ್ಪು. ಅದ್ಕೆ ಆ ಮಗೀನ ಬ್ಯಾಡ ಅನ್ಬೇಡಿ."

ಹನೂರಿನಲ್ಲಿ ಹಿಂದೊಂದು ಸಂಬಂಧ ಗೊತ್ತಾಗಿ ತಪ್ಪಿಹೋದದ್ದು ನಮಗೆ ತಿಳಿದೇ ಇರಲಿಲ್ಲ. ಈಗ ಇಪ್ಪತ್ತಮೂರು ಜನರಿಗೂ, ಬಡಿಸುವವರಿಗೂ ತಿಳಿಯಿತು. ಅಡಿಗೆಮನೆಯ ಬಾಗಿಲ ಹಿಂದೆ ಬಳೆಗಳ ಸದ್ದು ಕೇಳುತ್ತಿತ್ತು, ಅದು ನಿಂತಿತು. ಗಿರಿಜೆ ಅಲ್ಲೇ ಇದ್ದಳೆಂದು ಆಮೇಲೆ ಗೌರಮ್ಮ ಹೇಳಿದಳು. ಎರಡು ಮಂಡಿಗಳನ್ನು ಬಚ್ಚಿಡಲು ನಾನು ಪಟ್ಟ ಪಾಡಿನಿಂದ, ಒಬ್ಬ ಹುಡುಗಿ ಬಚ್ಚಿಟ್ಟುಕೊಂಡಿದ್ದ ನೋವು ಹಂಚಿದ ಊಟದ ಹಾಗೆ ಸಾಲಿನುದ್ದಕ್ಕೂ ಹೋಯಿತು.

ಆಗ ಹೇಳಿದೆ. "ನಂಜಯ್ಯನವರೇ, ನನಗೆ ಏಳುವುದಕ್ಕೆ ಆಗುತ್ತಿಲ್ಲ. ಕಾಲು ಹಿಡಿದುಕೊಂಡಿದೆ."

ಯಾರೂ ನಂಬಲಿಲ್ಲ. ಕಾಲು ಹಿಡಿದಿದೆ ಎನ್ನುವುದು ಮುನಿದ ಹಿರಿಯರು ಮುನಿಸು ಬಿಡುವಾಗ ಹೇಳುವ ಮಾತು. ಮಹದೇವನೂ ಇನ್ನೊಬ್ಬರೂ ನನ್ನ ಎರಡು ತೋಳು ಹಿಡಿದು ಎಬ್ಬಿಸಿದರು. ಮುನಿದವರನ್ನು ತೋಳು ಹಿಡಿದು ಎಬ್ಬಿಸುವುದೂ ನಮ್ಮಲ್ಲಿ ಇರುವುದೇ. ನಾನು ನಿಂತ ಕೂಡಲೇ ಸಾಲು ಸಾಲೇ ಎದ್ದಿತು, ವೀಳ್ಯ ಬದಲಾಯಿತು, ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಹೊಗಳಿಕೆ ಅಷ್ಟು ಕಹಿಯಾಗಿರುತ್ತದೆ ಎಂದು ನಾನು ಕಂಡಿರಲಿಲ್ಲ.

ಊರಿಗೆ ಬಂದು, ನನ್ನದು ಬರಿ ಮಂಡಿ ನೋವು ಎಂದು ನಂಜಯ್ಯನವರಿಗೆ ಕಾಗದ ಬರೆದೆ. ಮದುವೆಯ ದಿನ ಬೀಗರಿಗೆ ಏನೇನು ಆಗಬೇಕೋ ದಯವಿಟ್ಟು ಮುಂಚಿತವಾಗಿ ತಿಳಿಸಬೇಕು ಎಂದು ಉತ್ತರ ಬಂತು. ಇನ್ನೂ ವಿವರವಾಗಿ ಬರೆದೆ. ಇನ್ನೂ ವಿನಯವಾದ ಉತ್ತರ ಬಂತು. ಸಂತೆಗೆ ಬಂದ ಅವರ ಕಡೆಯವರೊಬ್ಬರು ಗೌರಮ್ಮನಿಗೆ ಹೇಳಿದರಂತೆ: ಈ ಸಂಬಂಧವೂ ಮದುವೆಯ ದಿನ ಮುರಿಯಬಹುದೆಂದು ಆ ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ, ಗಿರಿಜೆ ಸರಿಯಾಗಿ ಊಟ ಮಾಡುತ್ತಿಲ್ಲ. ಮದುವೆಗೆ ಎರಡು ತಿಂಗಳಿತ್ತು. ಆ ಪಂಕ್ತಿಯ ತಲೆಯಲ್ಲೂ ನಾನೇ ಕೂರಬೇಕು. ಕುರ್ಚಿ ತೆಗೆದುಕೊಂಡು ಹೋಗುವಂತಿಲ್ಲ. ಎಲ್ಲರೂ ನೆಲದ ಮೇಲೆ ಕೂತಾಗ ಒಬ್ಬ ಕುರ್ಚಿಯಲ್ಲಿ ಕೂತರೆ ಅದು ಬೇರೆ ಮುನಿಸು. ಯಾರೂ ಕೈ ಕೊಡುವಂತೆಯೂ ಇಲ್ಲ; ಕೊಟ್ಟರೆ ಮತ್ತೆ ಎಬ್ಬಿಸಿದ ಹಾಗೆ. ಊಟವಾದ ಕೂಡಲೇ ನಾನೇ, ನನ್ನ ಕಾಲಿನ ಮೇಲೇ ಏಳಬೇಕು. ಆ ಹುಡುಗಿ ನಮ್ಮ ಮನೆಗೆ ಹೆದರಿಕೆಯಿಲ್ಲದೆ ಬರುವುದು ಅಷ್ಟರ ಮೇಲೆ ನಿಂತಿತ್ತು.

ಮೊದಲು ಶಾಲೆಯ ಡ್ರಿಲ್ ಮೇಷ್ಟರ ಹತ್ತಿರ ಹೋದೆ. ಅವರು ಚಿತ್ರಗಳಿದ್ದ ಒಂದು ಪುಸ್ತಕ ತೋರಿಸಿ, ಎರಡು ಮರದ ಡಂಬೆಲ್ಸ್ ಕೊಟ್ಟು, ಬೆಳಿಗ್ಗೆ ನೂರು ಸಲ ಕೈ ಮೇಲೆ, ನೂರು ಸಲ ಕೈ ಪಕ್ಕಕ್ಕೆ ಎಂದರು. ಹತ್ತು ದಿನ ಮಾಡಿದೆ. ತೋಳು ಗಟ್ಟಿಯಾದವು. ಆದರೆ ಪಂಕ್ತಿಯಿಂದ ತೋಳಿನ ಮೇಲೆ ಏಳುವ ಕ್ರಮವಿಲ್ಲ. ಹನ್ನೊಂದನೆಯ ದಿನ ಅವರು ಮನೆಗೇ ಬಂದು, ಜಗುಲಿಯ ಕಂಬದ ಪಕ್ಕದಲ್ಲಿ ನಿಲ್ಲಿಸಿ, "ಮಂಡಿ ಬಗ್ಗಿಸಿ, ಒನ್. ಏಳಿ, ಟೂ" ಎಂದರು. ಒನ್ ಆಯಿತು. ಟೂ ಆಗಲಿಲ್ಲ. ಅವರು ಟೂ ಎಂದು ಐದಾರು ಸಲ ಹೇಳಿ ನೋಡಿ, ಶಾಲೆಯ ಗಂಟೆ ಹೊಡೆಯಿತೆಂದು ಹೊರಟುಹೋದರು.

ಆಗ ನನ್ನನ್ನು ಎತ್ತಿದವರು ಇಬ್ಬರು, ಗೌರಮ್ಮ ಮತ್ತು ಪುಟ್ಟಮಾದಮ್ಮ. ಗೌರಮ್ಮ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಮಾದಮ್ಮ ಸೊಪ್ಪು ಕೊಯ್ದು ತರಲು, ತಟ್ಟೆ ಕಸ ತೆಗೆಯಲು ಬರುತ್ತಿದ್ದಳು. ಲೊಕ್ಕನಹಳ್ಳಿಯ ಕಡೆಯವಳು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಅಷ್ಟು ದಿನ ನಾನು ಅವಳನ್ನು ನೋಡಿದ್ದೆನೇ ಹೊರತು ಅವಳು ಓಡಾಡುವುದನ್ನು ನೋಡಿರಲಿಲ್ಲ. ನನ್ನನ್ನು ಕಂಬಕ್ಕೆ ಒರಗಿಸಿ ಅವಳು ಹೇಳಿದಳು:

"ಗುಮಾಸ್ತ್ರೇ, ನಿಮ್ ಕಾಲು ಕೆಟ್ಟಿಲ್ಲ. ಮರ್ತದೆ, ಅಷ್ಟೆಯಾ."

"ನೆನಪು ಮಾಡೋದು ಹೇಗೆ?"

"ಆ ಮೇಷ್ಟ್ರು ಒಂದೇ ಕೆಲ್ಸವ ನೂರ್ ಸಲ ಮಾಡ್ಸವ್ರೆ. ಮೈಗೆ ಬ್ಯಾಸ್ರ ಆಯ್ತದೆ. ನೂರ್ ಕೆಲ್ಸವ ಒಂದೊಂದ್ ಸಲ ಮಾಡಿ. ಬನ್ನಿ, ತಟ್ಟೆ ಕೆಳಗ್ ಎಲೆ ಬಿದ್ದವೆ, ಆಯ್ಕಳಿ."

"ಅದಕ್ಕೆ ನಿನಗೆ ಕೂಲಿ ಕೊಡ್ತೀವಲ್ಲೇ," ಎಂದಳು ಗೌರಮ್ಮ.

"ಅವ್ರು ಆಯ್ಲಿ ಗೌರವ್ವ. ಕೂಲಿ ನಾನೇ ತಕತೀನಿ."

ಹೀಗೆ ನನ್ನ ವ್ಯಾಯಾಮ ಆರಂಭವಾಯಿತು. ಹುಳುವಿನ ತಟ್ಟೆಗಳನ್ನು ಬಿದಿರಿನ ಅಟ್ಟಣೆಯಲ್ಲಿ ಒಂದರ ಮೇಲೊಂದು ಇಟ್ಟಿರುತ್ತಾರೆ. ಕೆಳಗಿನ ತಟ್ಟೆಯ ಅಡಿಯಲ್ಲಿ ಬಿದ್ದ ಎಲೆ ಆಯಬೇಕಾದರೆ ಅಂಬೆಗಾಲಿಡಬೇಕು. ಮೇಲಿನ ತಟ್ಟೆ ಇಳಿಸಬೇಕಾದರೆ ತುದಿಗಾಲಿನಲ್ಲಿ ನಿಲ್ಲಬೇಕು. ನಡುವಿನದನ್ನು ಎಳೆಯಬೇಕಾದರೆ ಅರ್ಧ ಬಗ್ಗಿ ಸೊಂಟ ತಿರುಗಿಸಬೇಕು. ಬೆಳಿಗ್ಗೆ ಅವಳ ಹಿಂದೆ ಹಿಪ್ಪುನೇರಳೆ ತೋಟಕ್ಕೆ ಹೋಗಿ, ಸೊಪ್ಪಿನ ಮಂಕರಿ ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ನಡೆಯಬೇಕು, ಕಾಲುವೆ ದಾಟಬೇಕು, ಬೇಲಿಯ ಕಂಡಿಯಲ್ಲಿ ನುಸುಳಬೇಕು. ಮೊದಲ ದಿನ ಕಾಲುವೆಯ ಮುಂದೆ ನಿಂತು ಒಂದು ಪತ್ರದ ನಕಲು ಬರೆಯುವಷ್ಟು ಹೊತ್ತು ಯೋಚಿಸಿದೆ. "ಕಾಲ್ವೆಗೆ ರುಜು ಆಕ್ಬೇಕಾ?" ಎಂದು ಮಾದಮ್ಮ ಆಚೆ ದಡದಿಂದ ಕೇಳಿದಳು. ಎರಡನೆಯ ವಾರ ನಮ್ಮ ಕಚೇರಿಯವರೊಬ್ಬರು ದಾರಿಯಲ್ಲಿ ಸಿಕ್ಕಿ, ತಲೆಯ ಮೇಲಿನ ಮಂಕರಿ ನೋಡಿ, ಪಿಂಚಣಿ ಇಷ್ಟು ಬೇಗ ಬಂತೇ ಎಂದು ವಿಚಾರಿಸಿದರು.

ಊಟದ್ದು ಬೇರೆ ಪಾಠ. ಮಾದಮ್ಮನ ಮಾತಿನಂತೆ ಗೌರಮ್ಮ ನನ್ನನ್ನು ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ಎತ್ತರದ ಮಣೆಗೆ, ಅಲ್ಲಿಂದ ಗಿಡ್ಡ ಮಣೆಗೆ ಇಳಿಸುತ್ತ ಬಂದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ನಮ್ಮಲ್ಲಿ ಅದನ್ನು ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ. ಆ ಬೆಳೆಯ ಹುಳು ಎರಡನೆಯ ಜ್ವರದಲ್ಲಿದ್ದಾಗ ನಾನು ಎತ್ತರದ ಮಣೆಯಲ್ಲಿದ್ದೆ. ನಾಲ್ಕನೆಯದರಲ್ಲಿ ಗಿಡ್ಡ ಮಣೆ. ಅವು ಗೂಡು ಕಟ್ಟಿದ ದಿನ ನಾನು ನೆಲಕ್ಕೆ ಬಂದೆ.

ನೆಲಕ್ಕೆ ಬಂದ ಮೇಲೆ ಉಳಿದದ್ದು ಏಳುವುದು. ನಾನು ಚಿಕ್ಕಂದಿನ ಅಭ್ಯಾಸದಂತೆ ಬಲಮಂಡಿ ಎತ್ತಿ, ಪಾದ ಊರಿ, ಎದೆ ಮುಂದೆ ಮಾಡಿ ಒಂದೇ ಸಲ ಮೇಲೇಳಲು ನೋಡುತ್ತಿದ್ದೆ. ಐದು ಸಲದಲ್ಲಿ ಎರಡು ಸಲ ಆಗುತ್ತಿತ್ತು. ಮಾದಮ್ಮ ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಕೇಳಿದಳು:

"ಗುಮಾಸ್ತ್ರೇ, ಕುದ್ರೆ ಏಳೋದ್ ನೋಡಿದ್ದೀರಾ?"

"ನೋಡಿದ್ದೇನೆ."

"ಮುಂಗಾಲು ಮೊದ್ಲು, ಅಲ್ವಾ? ಅಸ?"

ಹಸು ಹೇಗೆ ಏಳುತ್ತದೆ? ನಮ್ಮ ಕೊಟ್ಟಿಗೆಯಲ್ಲೇ ಹಸು ಇತ್ತು. ಐವತ್ತೆರಡು ವರ್ಷ ಹಾಲು ಕುಡಿದಿದ್ದೆ. ಆದರೆ ಉತ್ತರ ಗೊತ್ತಿರಲಿಲ್ಲ. ಹೋಗಿ ಎಬ್ಬಿಸಿ ನೋಡಿದೆ. ಅದು ಮೊದಲು ಮುಂಗಾಲಿನ ಮಂಡಿಯ ಮೇಲೆ ಭಾರ ಹಾಕಿತು. ಹಿಂಭಾಗವನ್ನು ಎತ್ತಿತು. ಹಾಗೇ ಒಂದು ಕ್ಷಣ, ಏನೋ ಬೀಳಿಸಿಕೊಂಡು ಹುಡುಕುವವರ ಹಾಗೆ ನಿಂತಿತು. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿತು. ಅವಸರವಿಲ್ಲ, ಬೀಳುವ ಭಯವೂ ಇಲ್ಲ.

"ಮನ್ಸ ವಯಸ್ನಲ್ಲಿ ಕುದ್ರೆಯಂಗ್ ಏಳ್ತಾನೆ, ವಯಸ್ಸಾದ್ ಮ್ಯಾಲೆ ಅಸಿನಂಗ್ ಏಳ್ಬೇಕು," ಎಂದಳು ಮಾದಮ್ಮ. "ನಾನೂ ಅಂಗೇ ಏಳದು. ನೀವ್ ನೋಡಿಲ್ಲ."

ಪಕ್ಕಕ್ಕೆ ಹೊರಳು, ಎರಡೂ ಅಂಗೈ ನೆಲಕ್ಕೆ ಊರು, ಮಂಡಿಯ ಮೇಲೆ ಬಾ, ಪಾದ ಊರು, ಹಿಂಭಾಗ ಎತ್ತು, ಕೈಯನ್ನು ಕಾಲಿನ ಹತ್ತಿರಕ್ಕೆ ತಾ, ನಿಲ್ಲು. ಹೀಗೆ ಎದ್ದರೆ ಐದಕ್ಕೆ ಐದು ಸಲವೂ ಆಗುತ್ತಿತ್ತು. ಹಿಂದಿನ ಯೋಗಿಗಳು ತಮ್ಮ ಆಸನಗಳಿಗೆ ಕೋಳಿ, ಆಮೆ, ಮೊಸಳೆ, ಒಂಟೆ ಎಂದೆಲ್ಲ ಹೆಸರಿಟ್ಟದ್ದು ಅಲಂಕಾರಕ್ಕಲ್ಲ ಎಂದು ಆಗ ತೋರಿತು. ಮೈಯ ಪಾಠ ಕಲಿಯಲು ಅವರೂ ಕೊಟ್ಟಿಗೆಗೆ, ಹೊಳೆಗೆ, ಕಾಡಿಗೆ ಹೋಗಿರಬೇಕು. ಕೂಸು ಕೂಡ ಇದನ್ನೇ ಮಾಡುತ್ತದೆ: ಹೊರಳುತ್ತದೆ, ಅಂಬೆಗಾಲಿಡುತ್ತದೆ, ಹಿಂಭಾಗ ಎತ್ತಿ ತಲೆಕೆಳಗಾಗಿ ಲೋಕ ನೋಡುತ್ತದೆ, ಆಮೇಲೆ ನಿಲ್ಲುತ್ತದೆ. ಯಾರೂ ಅದಕ್ಕೆ ಒನ್ ಟೂ ಹೇಳುವುದಿಲ್ಲ.

ಆದರೂ ಪಂಕ್ತಿಯಲ್ಲಿ ಹಸುವಿನ ಹಾಗೆ ಏಳಲು ನನಗೆ ಮನಸ್ಸಿರಲಿಲ್ಲ. ಪಟ್ಟು ಬಿಡದೆ ಮೊದಲಿನ ಬಗೆಯನ್ನೂ ಅಭ್ಯಾಸ ಮಾಡಿದೆ. ಎರಡನೆಯ ಬೆಳೆಯ ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗುವ ಹೊತ್ತಿಗೆ ಐದಕ್ಕೆ ನಾಲ್ಕು ಸಲ ಕುದುರೆಯ ಹಾಗೆ ಏಳುತ್ತಿದ್ದೆ. ಆ ಒಂದು ಸಲದ ಯೋಚನೆಯನ್ನು ಕಟ್ಟಿಕೊಂಡು ಯಳಂದೂರಿಗೆ ಹೋದೆ.

ಧಾರೆ ಬೆಳಿಗ್ಗೆ ಆಯಿತು. ಊಟದ ಸಾಲು ಹಾಕಿದರು. ಈ ಸಲ ನಲವತ್ತು ಎಲೆಗಳು. ತಲೆಯಲ್ಲಿ ನಾನು, ನನ್ನ ಎದುರು ಸಾಲಿನ ತಲೆಯಲ್ಲಿ ನಂಜಯ್ಯನವರ ದೊಡ್ಡಪ್ಪ, ಎಂಬತ್ತರ ಆಸುಪಾಸಿನವರು. ನಂಜಯ್ಯನವರು ಊಟಕ್ಕೆ ಕೂರಲಿಲ್ಲ. ಕಂಬ ಹಿಡಿದು ನಿಂತು, ನನ್ನ ಎಲೆಯನ್ನೇ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಅವರ ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಊಟ ಮಾಡುತ್ತಲೇ ಪಂಚೆಯೊಳಗೆ ಕಾಲಿನ ಬೆರಳು ಮಡಿಸುತ್ತ ಬಿಡಿಸುತ್ತ ಇದ್ದೆ. ಅದೂ ಮಾದಮ್ಮನ ಪಾಠವೇ. ಮಜ್ಜಿಗೆ ಒಂದೇ ಸಲ ಹಾಕಿಸಿಕೊಂಡೆ. ಊಟ ಮುಗಿಯಿತು.

ನಲವತ್ತು ಜನರೂ ನನ್ನನ್ನು ನೋಡಿದರು. ಬಲಮಂಡಿ ಎತ್ತಿ ಪಾದ ಊರಿದೆ. ಮಂಡಿಯೊಳಗೆ ಒಂದು ಸಣ್ಣ ನಡುಕ ಬಂತು. ಐದರಲ್ಲಿ ಆ ಒಂದು ಸಲ ಬರುವ ಮುಂಚೆ ಅದೇ ನಡುಕ ಬರುತ್ತಿತ್ತು. ಪ್ರಯತ್ನಿಸಿ ಕೂತುಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಡಿಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ಬಲಗಾಲನ್ನು ಮತ್ತೆ ಮಡಿಸಿ, ಎಡಕ್ಕೆ ಹೊರಳಿದೆ. ಎಂಜಲು ಕೈಯನ್ನು ಮಡಚಿ ಮುಷ್ಟಿಯ ಹಿಂಭಾಗವನ್ನೂ, ಇನ್ನೊಂದು ಅಂಗೈಯನ್ನೂ ನೆಲಕ್ಕೆ ಊರಿದೆ. ಮುಖ ಗೋಡೆಗೆ, ಬೆನ್ನು ಬೀಗರ ಕಡೆಗೆ. ಹೊಸ ರೇಷ್ಮೆ ಅಂಚಿನ ಪಂಚೆ ಉಟ್ಟು, ರುಮಾಲು ಸುತ್ತಿಕೊಂಡ ಗಂಡಿನ ಚಿಕ್ಕಪ್ಪನ ಹಿಂಭಾಗ ನಲವತ್ತು ಜನರ ಮುಂದೆ ಮೊದಲು ಮೇಲೆದ್ದಿತು. ನಾನು ಗೋಡೆಯ ಸುಣ್ಣ ನೋಡುತ್ತ ಒಂದು ಕ್ಷಣ ಹಾಗೇ ನಿಂತೆ. ಆಮೇಲೆ ನೆಟ್ಟಗಾದೆ.

ತಿರುಗಿದಾಗ ಯಾರೂ ಎದ್ದಿರಲಿಲ್ಲ. ನಂಜಯ್ಯನವರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ, "ಶಿವ್ನೇ, ಇದು ನಿಜ್ವಾಗ್ಲೂ ಮಂಡಿನೇ ಕಣ್ರೋ" ಎಂದರು.

"ಬರೆದಿದ್ದೆನಲ್ಲ," ಎಂದೆ.

"ಬರ್ದಿದ್ರಿ. ಬರ್ದದ್ನ ಯಾರ್ ನಂಬ್ತಾರೆ ಬೀಗ್ರೇ? ನಿಮ್ ಮಂಡಿ ದೆಸೆಯಿಂದ ಎಲ್ಡ್ ತಿಂಗ್ಳು ನಾನ್ ನಿದ್ದೆ ಮಾಡಿಲ್ಲ." ಹೀಗೆಂದು ಕಂಬಕ್ಕೆ ಒರಗಿ ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಒಳಗಿನಿಂದ ಹೆಂಗಸರ ನಗುವೂ ಕೇಳಿತು. ನಾನು ಅಂದುಕೊಂಡಿದ್ದಂತೆ ಕುದುರೆಯ ಹಾಗೆ ಎದ್ದಿದ್ದರೆ ಮೊದಲ ಸಲದ್ದು ಮುನಿಸೇ ಎಂದು ಅವರಿಗೆಲ್ಲ ಖಾತ್ರಿಯಾಗುತ್ತಿತ್ತು. ಇದು ನನಗೆ ಹೊಳೆದದ್ದು ನಿಂತ ಮೇಲೆ.

ಜನ ಏಳತೊಡಗಿದರು. ಎದುರು ಸಾಲಿನ ದೊಡ್ಡಪ್ಪ ಮಾತ್ರ ಕೂತೇ ಇದ್ದರು. ಊಟವಾದ ಮೇಲೆ ಅವರು ಕಣ್ಣು ಮುಚ್ಚಿ ಶಿವನಾಮ ಹೇಳುತ್ತ ಎಲ್ಲರೂ ಹೋಗುವ ತನಕ ಕೂರುತ್ತಾರೆ, ಅಂಥ ಭಕ್ತರು ಎಂದು ಆ ಮನೆಯಲ್ಲಿ ಹೆಸರಿತ್ತು. ಅವರು ಒಂದು ಕಣ್ಣು ತೆರೆದು ನನ್ನನ್ನು ಕರೆದರು. "ಇಲ್ಲಿ ಬನ್ನಿ. ಈಗ ಮಾಡಿದ್ರಲ್ಲ, ಅದ್ನ ಇನ್ನೊಂದ್ ಸಲ ತೋರ್ಸಿ. ಮೊದ್ಲು ಯಾವ್ ಕಡೆ ಒರ್ಳಿದ್ರಿ?" ನಾನು ತೋರಿಸಿಕೊಟ್ಟೆ. ಅವರ ಪಕ್ಕದಲ್ಲಿದ್ದ ಇನ್ನಿಬ್ಬರು ಹಿರಿಯರು ಎಲೆ ಮಡಿಸುವ ನೆಪದಲ್ಲಿ ತಡಮಾಡಿ ಅದನ್ನೇ ನೋಡುತ್ತಿದ್ದರು. ನಮ್ಮ ಸೀಮೆಯ ಮದುವೆಗಳಲ್ಲಿ ನಾನು ಕೇಳಿದ ಹಿರಿಯರ ಮುನಿಸುಗಳಲ್ಲಿ ಎಷ್ಟು ಮನಸ್ಸಿನವು, ಎಷ್ಟು ಮಂಡಿಯವು ಎಂದು ಅಂದಿನಿಂದ ನನಗೆ ಅನುಮಾನ.

ಒಂದು ಮಾತು ಉಳಿಯಿತು. ಮೈ ಮರೆತದ್ದನ್ನು ಎರಡು ತಿಂಗಳಲ್ಲಿ ಕಲಿಸಬಹುದು. ಕೇಳಿದ್ದನ್ನು ಇಪ್ಪತ್ತಮೂರು ಜನಕ್ಕೆ ಮರೆಸಲಾಗುವುದಿಲ್ಲ. ಹನೂರಿನ ಮಾತು ಅಂದು ಹೊರಬಿದ್ದದ್ದು ಬಿದ್ದೇ ಹೋಯಿತು. ಗಿರಿಜೆ ನಮ್ಮ ಮನೆಗೆ ಬಂದ ಮೇಲೆ ಅವಳ ಮುಂದೆ ನಾನು ಬಹಳ ದಿನ ತಲೆಯೆತ್ತಿ ಮಾತಾಡಲಿಲ್ಲ. ಒಂದು ದಿನ ಗೌರಮ್ಮ ತೋಟಕ್ಕೆ ಹೋಗಿದ್ದಾಗ ಗಿರಿಜೆಯೇ ಬಡಿಸಿದಳು. ಊಟ ಮುಗಿಯಿತು. ಅವಳು ಕೈಗೆ ನೀರು ಹಾಕಲು ಚೊಂಬು ಹಿಡಿದು ಹತ್ತಿರದಲ್ಲೇ ನಿಂತಿದ್ದಳು. ಆವತ್ತಿನ ಮಾತಿಗಾಗಿ ಅವಳ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವಳಿಗೆ ತಿಳಿಯಿತೆಂದು ಕಾಣುತ್ತದೆ.

"ಇರ್ಲಿ ಬುಡಿ ಮಾವ," ಎಂದಳು. "ಆ ಮಾತ ಮುಚ್ಚಿಟ್ಕಂಡು ಈ ಮನೇಗ್ ಬಂದಿದ್ರೆ ದಿನಾ ನಂಗೆ ಎದೆ ಒಡ್ಕತಿತ್ತು. ನಿಧಾನ್ವಾಗ್ ಏಳಿ."

ಕೈ ಕೊಡಲು ಅವಳು ಬಗ್ಗಲಿಲ್ಲ. ಚೊಂಬು ಹಿಡಿದುಕೊಂಡೇ ಹಿತ್ತಿಲ ಬಾಗಿಲ ಕಡೆ ತಿರುಗಿ, ಅಲ್ಲಿ ಏನೋ ನೋಡುವುದಿದೆ ಎಂಬಂತೆ ನಿಂತಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನಾನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಎದ್ದೆ.